ಕಕ್ಕಡ 18ರ ಮದ್ದು ಸೊಪ್ಪಿನಲ್ಲಿ ನಿಜಕ್ಕೂ 18 ಮದ್ದು ಇದೆಯಾ? ಪರೀಕ್ಷೆ ಮಾಡುವುದು ಹೇಗೆ?

ವಿರಾಜಪೇಟೆ_ಹುಡುಗಿ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮೂರಿನ ಮದ್ದು ಸೊಪ್ಪನ್ನೇ (ಜಸ್ಟೀಸಿಯಾ ವೈನಾಡೆನ್ಸಿಸ್) ತೆಗೆದುಕೊಳ್ಳಬೇಕು ಅಂತ ಆಸೆ. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಇದರ ಪಾಯಸ ಮಾಡಿ ತಿನ್ನುತ್ತೇವೆ. ಗೈಡ್ ಹತ್ತಿರ ಕೇಳಿದರೆ, "ಅದರ ಆಂಟಿಆಕ್ಸಿಡೆಂಟ್ ಪರೀಕ್ಷೆ ಎಲ್ಲಾ ಆಗಿಹೋಗಿದೆ, ಹೊಸದೇನು ಮಾಡುತ್ತೀಯಾ?" ಅಂದರು. ಮನೆಯಲ್ಲಿ ಅಜ್ಜಿಗೆ ಹೇಳಿದರೆ, "ಕಕ್ಕಡ 18ಕ್ಕೆ ಅದರಲ್ಲಿ 18 ಮದ್ದು ಸೇರುತ್ತದೆ. ಅದನ್ನು ನೀನೇನು ಪರೀಕ್ಷೆ ಮಾಡುವುದು?" ಅಂತ ನಕ್ಕರು.

ನನಗೆ ಅಜ್ಜಿಯ ಮಾತೇ ಒಳ್ಳೆ ಪ್ರಶ್ನೆ ಅನ್ನಿಸಿದೆ. ಆಗಸ್ಟ್ 3ರ ಹೊತ್ತಿಗೆ ಆ ಎಲೆಯಲ್ಲಿ ನಿಜವಾಗಿ ಏನಾದರೂ ಜಾಸ್ತಿ ಆಗುತ್ತದಾ? ಅಥವಾ ವರ್ಷವಿಡೀ ಒಂದೇ ಥರ ಇರುತ್ತದಾ? ಇದನ್ನು ಒಂದು ವರ್ಷದ ಪ್ರಾಜೆಕ್ಟ್‌ನಲ್ಲಿ ನೋಡಬಹುದಾ? ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ, ಯಾವಾಗ ಕೊಯ್ಯುತ್ತೀರಿ, ಅದನ್ನೂ ಹೇಳಿ.

ಹಳೇತೋಟ
ಹಿರಿಯರು ಸುಮ್ನೆ ಹೇಳಿಲ್ಲ ಮಗಳೇ. ಅವರಿಗೆ ಲ್ಯಾಬ್ ಬೇಕಿರಲಿಲ್ಲ. ತಿನ್ನು, ಆರೋಗ್ಯವಾಗಿರು.

ಕರಿಮೆಣಸು
ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದಲ್ಲ, ಅದಕ್ಕಿಂತ ಸಾಕ್ಷಿ ಬೇಕಾ? ಒಳಗಿನ ಕಲ್ಮಶ ಎಲ್ಲಾ ಹೊರಗೆ.

ಫಾರ್ಮಸಿ_ಅಕ್ಕ
@ಕರಿಮೆಣಸು ಕಲ್ಮಶ ಅಲ್ಲ, ಬಣ್ಣ. ಬೀಟ್‌ರೂಟ್ ತಿಂದರೂ ಕೆಲವರಿಗೆ ಹಾಗೇ ಆಗುತ್ತದೆ. ಹಾಗಂತ ಬೀಟ್‌ರೂಟ್ ಕಲ್ಮಶ ತೆಗೆಯಿತು ಅನ್ನುತ್ತೀರಾ?

ಆದರೆ ಆ ಕೆಂಪು ಬಣ್ಣ ವಿಜ್ಞಾನಕ್ಕೆ ಬಹಳ ಒಳ್ಳೆ ಸುಳಿವು. ಎಷ್ಟೋ ಗಿಡಗಳ ರಸ ಗಾಜಿನ ಕೊಳವೆಯಲ್ಲಿ ಅದ್ಭುತ ಕೆಲಸ ಮಾಡುತ್ತದೆ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದೇ ಇಲ್ಲ. ಇಲ್ಲಿ ಮಾತ್ರ ಪಾಯಸದ ಬಣ್ಣ ಕರುಳಿನಿಂದ ರಕ್ತಕ್ಕೆ ಹೋಗಿ, ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತಿದೆ. ಅಂದರೆ ಸೊಪ್ಪಿನಲ್ಲಿರುವ ಏನೋ ಒಂದು ಮೈಯೊಳಗೆ ಹೋಗುತ್ತಿದೆ. ಹೋಗಿ ಏನು ಮಾಡುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಕರಿಮೆಣಸು
ಸರಿ ಬಿಡಿ, ಅರ್ಧ ಗೆದ್ದೆ.

ಭಾಗಮಂಡಲ_ಬಸ್ಸು
ನಮ್ಮ ಕಡೆ ಕಕ್ಕಡ 18ರ ಬೆಳಿಗ್ಗೆಯೇ ಕೊಯ್ಯುವುದು. ಎಲೆ, ಎಳೆ ಕಡ್ಡಿ ಎರಡೂ ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತೇವೆ. ಮೊದಲು ನೀರು ಹಸಿರು. ಆಮೇಲೆ ಅಂಚಿನಿಂದ ನೇರಳೆ ಬಿಡುತ್ತಾ ಬಂದು, ಕೊನೆಗೆ ಶಾಯಿ ಥರ ಆಗುತ್ತದೆ. ಸೋಸಿ, ಆ ನೀರಿನಲ್ಲೇ ಸಣ್ಣಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು, ಏಲಕ್ಕಿ. ಮೇಲೆ ತುಪ್ಪ, ಜೇನು. ಅಕ್ಕಿತರಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಮದ್ದ್ ಪುಟ್ಟ್.

ಆ ದಿನ ಗಿಡದ ಹತ್ತಿರ ಹೋದರೇ ಪರಿಮಳ ಬರುತ್ತದೆ, ಮಾರನೇ ವಾರ ಬರುವುದಿಲ್ಲ ಅಂತ ನಮ್ಮ ಅತ್ತೆ ಹೇಳುತ್ತಾರೆ. ನನಗಂತೂ ಮಳೆ, ಜಿಗಣೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ತೋಟದಮನೆ
ಬೆಲ್ಲ ಹಾಕಿದ ಪಾಯಸಕ್ಕೆ ಏಲಕ್ಕಿ ಹಾಕಿದರೆ ಸೊಪ್ಪಿನ ಪರಿಮಳವೇ ಸತ್ತುಹೋಗುತ್ತದೆ. ಏಲಕ್ಕಿ ಬೇಡ.

ಭಾಗಮಂಡಲ_ಬಸ್ಸು
ನಿಮ್ಮ ಮನೆಯಲ್ಲಿ ಬೇಡ. ನಮ್ಮ ಮನೆಯಲ್ಲಿ ಬೇಕು.

ಸಸ್ಯಮಿತ್ರ
ಹುಡುಗಿಗೆ ನೇರ ಉತ್ತರ: ನೋಡಬಹುದು, ಒಳ್ಳೆ ಪ್ರಶ್ನೆ. ನಾನು ಇಂಥದ್ದೇ ಕೆಲಸ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಗೈಡ್ ಹೇಳಿದ "ಆಂಟಿಆಕ್ಸಿಡೆಂಟ್ ಪರೀಕ್ಷೆ" ಅಂದರೆ ಹೆಚ್ಚಾಗಿ ಡಿಪಿಪಿಎಚ್. ಅದೊಂದು ಗಾಢ ನೇರಳೆ ದ್ರಾವಣ. ಗಿಡದ ರಸ ಸೇರಿಸಿದಾಗ ಅದು ಹಳದಿಗೆ ತಿರುಗಿದರೆ ಆಂಟಿಆಕ್ಸಿಡೆಂಟ್ ಇದೆ ಅಂತ ಲೆಕ್ಕ. 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸುಲಭ, ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಹಾಗಾಗಿ ದೇಶದ ಅರ್ಧ ಪ್ರಾಜೆಕ್ಟ್‌ಗಳು ಅಲ್ಲೇ ಮುಗಿಯುತ್ತವೆ. ತೊಂದರೆ ಏನೆಂದರೆ ಯಾವ ಸೊಪ್ಪು ಹಾಕಿದರೂ ಸ್ವಲ್ಪ ಪಾಸಾಗುತ್ತದೆ. ನಮ್ಮ ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ ಇದೆ, ಅದೂ ಜೋರಾಗಿ ಪಾಸಾಗುತ್ತದೆ. ಇನ್ನೊಂದು ತಮಾಷೆ ನೋಡಿ. ಮದ್ದು ಸೊಪ್ಪಿನ ರಸವೇ ನೇರಳೆ. ನೇರಳೆ ಬಣ್ಣ ಎಷ್ಟು ಕಡಿಮೆಯಾಯಿತು ಅಂತ ನೋಡುವ ಪರೀಕ್ಷೆಗೆ ನೇರಳೆ ರಸ ಹಾಕಿದರೆ ಲೆಕ್ಕ ತಪ್ಪುತ್ತದೆ. ರಸದ ಬಣ್ಣವನ್ನು ಬೇರೆಯಾಗಿ ಅಳೆದು ಕಳೆಯಬೇಕು. ಹಳೆಯ ವರದಿ ಓದುವಾಗ ಅದನ್ನು ಮಾಡಿದ್ದಾರಾ ಅಂತ ಮೊದಲು ನೋಡು.

ಎರಡನೆಯದು, ಲ್ಯಾಬಿನಲ್ಲಿ ಸಾಮಾನ್ಯವಾಗಿ ಮೆಥನಾಲ್‌ನಲ್ಲಿ ರಸ ತೆಗೆಯುತ್ತಾರೆ. ಕೊಡಗಿನಲ್ಲಿ ಯಾರೂ ಮೆಥನಾಲ್ ಕುಡಿಯುವುದಿಲ್ಲ. ನೀರಿನಲ್ಲಿ ಕುದಿಸುತ್ತಾರೆ. ಎರಡರಲ್ಲಿ ಕರಗಿ ಬರುವ ವಸ್ತುಗಳೇ ಬೇರೆ. ಆದ್ದರಿಂದ ನಿನ್ನ ಅಜ್ಜಿ ಹೇಗೆ ಕುದಿಸುತ್ತಾರೋ ಹಾಗೇ ಕುದಿಸಿ ಪರೀಕ್ಷೆ ಮಾಡು. ಅಷ್ಟು ನೀರು, ಅಷ್ಟು ಸೊಪ್ಪು, ಅಷ್ಟು ಹೊತ್ತು. ಹೊಸತು ಏನು ಅಂದರೆ ಅದೇ ಹೊಸತು.

ಫಾರ್ಮಸಿ_ಅಕ್ಕ
ಕುದಿಸುವ ವಿಷಯ ಬಂತು, ಚೀನಾದ ವಿಜ್ಞಾನಿ ತು ಯೂಯೂ ಕತೆ ಹೇಳಲೇಬೇಕು. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಹುಡುಕುವಾಗ ಚೀನಾದ ಹಳೇ ಪುಸ್ತಕಗಳಲ್ಲಿ ಆ ಗಿಡದ ಹೆಸರಿತ್ತು, ಆದರೆ ಲ್ಯಾಬಿನಲ್ಲಿ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. 4ನೇ ಶತಮಾನದ ಗೆ ಹಾಂಗ್ ಬರೆದ ಒಂದು ಸಾಲಿನಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಇತ್ತು, ಕುದಿಸಿ ಅಂತ ಇರಲಿಲ್ಲ. ಬಿಸಿಗೆ ಹಾಳಾಗುತ್ತಿದೆ ಅಂತ ಆಕೆಗೆ ಹೊಳೆಯಿತು. ಕಡಿಮೆ ಶಾಖದಲ್ಲಿ ಈಥರ್ ಬಳಸಿ ತೆಗೆದರು, 1971ರಲ್ಲಿ ಫಲ ಸಿಕ್ಕಿತು. 2015ರಲ್ಲಿ ನೊಬೆಲ್. ಮಾಡುವ ವಿಧಾನದಲ್ಲೇ ಮಾಹಿತಿ ಇರುತ್ತದೆ. ಅದನ್ನು ಬಿಟ್ಟು ಬರೀ ಗಿಡದ ಹೆಸರು ಬರೆದುಕೊಂಡು ಹೋದರೆ ಏನೂ ಸಿಗುವುದಿಲ್ಲ.

ಹಳೇತೋಟ
ನೋಡಿದಿರಾ, ಹಳೇ ಪುಸ್ತಕವೇ ಗೆದ್ದಿತು.

ಫಾರ್ಮಸಿ_ಅಕ್ಕ
ಹಳೇ ಪುಸ್ತಕದಲ್ಲಿ ಇನ್ನೂ ನೂರಾರು ಗಿಡ ಇದ್ದವು ಅಂಕಲ್. ಅವರ ತಂಡ ಎಷ್ಟೋ ಗಿಡಗಳನ್ನು ಪರೀಕ್ಷೆ ಮಾಡಿ ಬಿಟ್ಟಿತು. ಗೆದ್ದಿದ್ದು ಪುಸ್ತಕ ಮತ್ತು ಲ್ಯಾಬ್ ಇಬ್ಬರೂ.

ಮಳೆಮಾಪಕ
18ನೇ ದಿನದ ಬಗ್ಗೆ ಯಾರೂ ಹೇಳದ ಒಂದು ವಿಷಯ. ಗಿಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ ಅಂತ ನಗುವವರು ಇದ್ದಾರೆ. ಆದರೆ ಕೊಡವ ತಿಂಗಳು ಸೌರಮಾನ. ಕಕ್ಕಡ 18 ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಆಗಸ್ಟ್ 3. ಅಮಾವಾಸ್ಯೆ ಲೆಕ್ಕದ ಹಬ್ಬಗಳ ಥರ ಹಿಂದೆಮುಂದೆ ಓಡುವುದಿಲ್ಲ. ಸೌರ ದಿನ ಒಂದೇ ಆದರೆ ಹಗಲಿನ ಉದ್ದವೂ ಒಂದೇ. ಹಗಲಿನ ಉದ್ದ ಮಾತ್ರ ಗಿಡಗಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಎಷ್ಟೋ ಗಿಡ ಹೂ ಬಿಡುವುದು ಆ ಲೆಕ್ಕದಲ್ಲೇ.

ಆದರೂ ನಮ್ಮ ಅಕ್ಷಾಂಶದಲ್ಲಿ ವರ್ಷದ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಜೂನ್ ಕೊನೆಯಿಂದ ಆಗಸ್ಟ್ 3ಕ್ಕೆ ಕೆಲವೇ ನಿಮಿಷ. ಹಾಗಾಗಿ ಅದೊಂದೇ ಕಾರಣ ಇರಲಾರದು. ಮಳೆ, ಮೋಡ, ತಂಪು, ಚಿಗುರಿನ ವಯಸ್ಸು ಎಲ್ಲಾ ಸೇರಿರುತ್ತದೆ. ಒಂದು ದಿನ ಅಂತಲ್ಲ, ಒಂದು ಹಂಗಾಮು ಅಂತ ಇಟ್ಟುಕೊಂಡರೆ ಹಿರಿಯರ ಮಾತು ಸರಿ ಇರಬಹುದು.

ವಿರಾಜಪೇಟೆ_ಹುಡುಗಿ
@ಮಳೆಮಾಪಕ ಸೌರಮಾನದ ವಿಷಯ ಸೂಪರ್! ಇದನ್ನು ಪೀಠಿಕೆಯಲ್ಲೇ ಹಾಕುತ್ತೇನೆ.

ಕುಶಾಲನಗರ_ಕಡೆ
ನಮ್ಮ ಕಡೆ ಮಳೆ ಕಡಿಮೆ. ಬೇಲಿಯಲ್ಲಿ ಬೆಳೆದ ಸೊಪ್ಪು ಭಾಗಮಂಡಲದ ಸೊಪ್ಪಿನಷ್ಟು ಬಣ್ಣ ಬಿಡುವುದಿಲ್ಲ ಅಂತ ನನ್ನ ಅನುಭವ. ಕೆಆರ್ ಮಾರ್ಕೆಟ್‌ನಲ್ಲಿ ಕಟ್ಟು ತಂದು ಮಾಡುವ ಬೆಂಗಳೂರಿನವರು ಏನು ಹೇಳುತ್ತಾರೋ.

ಬೆಂಗಳೂರು_ಕೊಡಗು
ಬಾಡಿದ ಕಟ್ಟು, ಬಾಡಿದ ಬಣ್ಣ. ಬಾಟಲಿಯಲ್ಲಿ ರಸವೂ ಸಿಗುತ್ತದೆ, ಆ ಬಣ್ಣ ನೋಡಿದರೆ ನನಗೆ ಸೊಪ್ಪಿಗಿಂತ ಡಬ್ಬಿಯ ಬಣ್ಣದ ಮೇಲೇ ಅನುಮಾನ.

ಸಸ್ಯಮಿತ್ರ
ಕುಶಾಲನಗರದವರ ಮಾತು ಮುಖ್ಯ. ಎರಡು ಕಡೆ ಗಿಡ ಬೇರೆ, ಮಣ್ಣು ಬೇರೆ, ಮಳೆ ಬೇರೆ. ಯಾವುದರಿಂದ ವ್ಯತ್ಯಾಸ ಅಂತ ಹೇಗೆ ಹೇಳುವುದು? ಅದಕ್ಕೆ ಒಂದೇ ತಾಯಿಗಿಡದಿಂದ ಕಡ್ಡಿ ಕತ್ತರಿಸಿ ಎರಡೂ ಕಡೆ ನೆಡಬೇಕು. ಮದ್ದು ಸೊಪ್ಪು ಕಡ್ಡಿಯಿಂದ ಸುಲಭವಾಗಿ ಬರುತ್ತದಲ್ಲ, ಅದು ಪುಣ್ಯ. ಆಗ ವಂಶವಾಹಿ ಒಂದೇ ಆಯಿತು, ಉಳಿದಿದ್ದು ಜಾಗ ಮತ್ತು ಕಾಲ.

ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ವಾರಕ್ಕೊಮ್ಮೆ ಕೊಯ್ಯಬೇಕು, ಒಂದೇ ಹೊತ್ತಿನಲ್ಲಿ, ಒಂದೇ ವಯಸ್ಸಿನ ಎಲೆ. ಲೆಕ್ಕ ಒಣತೂಕದಲ್ಲಿ. ಮಳೆಗಾಲದ ಎಲೆಯಲ್ಲಿ ನೀರು ಜಾಸ್ತಿ, ಹಸಿತೂಕದಲ್ಲಿ ಅಳೆದರೆ ಸುಮ್ನೆ ಮೋಸಹೋಗುತ್ತೀಯ. ಚೀಟಿಯಲ್ಲಿ ತಾರೀಖು ಬರೆಯದೆ ಬರೀ ಸಂಕೇತ ಹಾಕು, ಅಳೆಯುವವರಿಗೆ ಯಾವುದು ಕಕ್ಕಡ 18ರದ್ದು ಅಂತ ಗೊತ್ತಿರಬಾರದು. ನಾವೆಲ್ಲಾ ಆ ದಿನಕ್ಕೆ ಜಾಸ್ತಿ ಬರಲಿ ಅಂತ ಆಸೆಪಡುವವರೇ.

ಹಳೇತೋಟ
ಇಷ್ಟೆಲ್ಲಾ ಮಾಡುವ ಹೊತ್ತಿಗೆ ಪಾಯಸ ತಣ್ಣಗಾಗಿರುತ್ತದೆ.

ನಾಪೋಕ್ಲು_ನಿವಾಸಿ
ಅರೆಭಾಷೆಯ ಮನೆಗಳಲ್ಲೂ ಇದೇ ಆಟಿ ಪಾಯಸ (ಆಟಿ ಅಂದರೆ ಇದೇ ತಿಂಗಳು). ಕೊಡವರದ್ದು ಮಾತ್ರ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬೇಡಮ್ಮ, ಆಮೇಲೆ ಜಗಳ ಆಗುತ್ತದೆ.

ಮಂಗಳೂರು_ಸೊಸೆ
ನಾನು ಪುತ್ತೂರು ಕಡೆಯವಳು, ಮಡಿಕೇರಿಗೆ ಮದುವೆಯಾಗಿ ಬಂದೆ. ನಮ್ಮಲ್ಲಿ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ. ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಕೆತ್ತೆ ಜಜ್ಜಿ ತರುತ್ತಾರೆ. ಕುಡಿದರೆ ಬಾಯೆಲ್ಲಾ ಕಹಿ. ಅದರ ಮುಂದೆ ನಿಮ್ಮ ಪಾಯಸ ಔಷಧಿ ಅಂತಲೇ ಅನ್ನಿಸುವುದಿಲ್ಲ, ಮದುವೆ ಊಟದ ಥರ ಇದೆ.

ಸಸ್ಯಮಿತ್ರ
ಹಾಲೆ ಅಂದರೆ ಆಲ್ಸ್ಟೋನಿಯಾ ಸ್ಕಾಲರಿಸ್. ಕತ್ತಲಲ್ಲಿ ಹೋಗುವುದೇ ಅಪಾಯ. ಕಾಸರಕನ ಮರದ ಕೆತ್ತೆ ತಂದು ಕುಡಿದರೆ ಅದರಲ್ಲಿ ಸ್ಟ್ರಿಕ್ನಿನ್ ಇರುತ್ತದೆ, ನೇರ ವಿಷ, ಮೈ ಸೆಟೆದುಕೊಳ್ಳುತ್ತದೆ. ಹಗಲಲ್ಲೇ ಮರ ಗುರುತು ಹಾಕಿ ಬಟ್ಟೆ ಕಟ್ಟಿ ಬನ್ನಿ.

ಹುಡುಗಿಗೂ ಇದೇ ಮಾತು. ಮೊದಲ ಕೆಲಸ ಗಿಡದ ಗುರುತು. ಹೂವಿರುವ ಕೊಂಬೆ ಒತ್ತಿ ಒಣಗಿಸಿ, ಹರ್ಬೇರಿಯಂನಲ್ಲಿ ನಂಬರ್ ಹಾಕಿಸಿ ಇಡು. ಅದಿಲ್ಲದೆ ಮಾಡಿದ ಪರೀಕ್ಷೆ ಯಾವ ಗಿಡದ್ದು ಅಂತ ಇಪ್ಪತ್ತು ವರ್ಷದ ಮೇಲೆ ಯಾರಿಗೂ ಹೇಳಲು ಆಗುವುದಿಲ್ಲ.

ಹಳೇತೋಟ
ನಿಮಗೆಲ್ಲಾ ಅನುಮಾನ ಜಾಸ್ತಿ. ನಮ್ಮ ಅಪ್ಪನಿಗೆ ಕಾಮಾಲೆ ಆದಾಗ ಯಾವ ಡಾಕ್ಟರ್ ಹತ್ತಿರವೂ ಹೋಗಲಿಲ್ಲ. ನಾಟಿ ವೈದ್ಯರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಮೂರು ವಾರಕ್ಕೆ ಕಣ್ಣಿನ ಹಳದಿ ಹೋಯಿತು. ಇದಕ್ಕೆ ಏನು ಹೇಳುತ್ತೀರಿ?

ಫಾರ್ಮಸಿ_ಅಕ್ಕ
ಅಂಕಲ್, ಬೇಜಾರು ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಬಹಳಷ್ಟು ಜನರಿಗೆ ಅದು ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಏನು ಕೊಟ್ಟರೂ ವಾಸಿ, ಏನೂ ಕೊಡದಿದ್ದರೂ ವಾಸಿ. ಹೀಗಾಗಿ ಕಾಮಾಲೆಗೆ ಊರಿಗೊಂದು ಪ್ರಸಿದ್ಧ ಮದ್ದು ಇರುತ್ತದೆ.

ಆದರೆ ನೆಲನೆಲ್ಲಿಯನ್ನು ಯಾರೂ ತಳ್ಳಿಹಾಕಲಿಲ್ಲ, ಸರಿಯಾಗಿಯೇ ಪರೀಕ್ಷೆ ಮಾಡಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದರಾಸಿನ ತಂಡದ ವರದಿ ಬಂತು. ಅವರು ನೋಡಿದ್ದು ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಉಳಿದುಕೊಂಡವರನ್ನು. ಅದು ತಾನಾಗಿ ಹೋಗುವುದು ಅಪರೂಪ. ನೆಲನೆಲ್ಲಿ ತೆಗೆದುಕೊಂಡವರಲ್ಲಿ ನೂರಕ್ಕೆ 59 ಜನರ ರಕ್ತದಲ್ಲಿ ವೈರಸ್‌ನ ಗುರುತು ಮಾಯ. ಸುಳ್ಳು ಮಾತ್ರೆ (ಔಷಧಿ ಇಲ್ಲದ ಮಾತ್ರೆ) ತೆಗೆದುಕೊಂಡವರಲ್ಲಿ ನೂರಕ್ಕೆ 4. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ಬೇರೆ ಕಡೆ ಮತ್ತೆ ಮಾಡಿದಾಗ ಅಂಥ ಫಲ ಬರಲಿಲ್ಲ. ಯಾಕೆ ಅಂತ ಇಂದಿಗೂ ಜಗಳ. ಗಿಡದ ಜಾತಿ ಬೇರೆಯಾ, ಕೊಯ್ದ ಕಾಲ ಬೇರೆಯಾ, ಮೊದಲ ಪ್ರಯೋಗದ ಜನರೇ ಕಡಿಮೆಯಾ? ಫಿಲಾಂಥಸ್ ಅಮಾರಸ್ ಅನ್ನುವ ನಮ್ಮ ಗಿಡವನ್ನು ಬಹಳ ಕಾಲ ಫಿಲಾಂಥಸ್ ನಿರೂರಿ ಅಂತ ಕರೆಯುತ್ತಿದ್ದರು. ಆ ಹೆಸರಿನ ಗೊಂದಲವೂ ಸೇರಿಕೊಂಡಿತು.

ಒಂದು ಮಾತು ಮಾತ್ರ ನೆನಪಿಡಿ. ಹಳದಿ ಕಣ್ಣಿಗೆ ಕಾರಣ ಪಿತ್ತಕೋಶದ ಕಲ್ಲು ಇರಬಹುದು, ಕ್ಯಾನ್ಸರ್ ಇರಬಹುದು. ರಕ್ತಪರೀಕ್ಷೆ ಮಾಡಿಸದೆ ಮೂರು ವಾರ ಕಾಯಬೇಡಿ.

ಹಳೇತೋಟ
ಅಪ್ಪ ತೊಂಬತ್ತರವರೆಗೆ ಬದುಕಿದರು. ನಾನು ಅಷ್ಟೇ ಹೇಳುವುದು.

ಕರಿಮೆಣಸು
ಕೊರೋನಾ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ದಿನಾ ಅಮೃತಬಳ್ಳಿ ಕುಡಿದೆವು. ಯಾರಿಗೂ ಏನೂ ಆಗಲಿಲ್ಲ.

ಫಾರ್ಮಸಿ_ಅಕ್ಕ
ಬಹಳಷ್ಟು ಜನರಿಗೆ ಏನೂ ಆಗಲಿಲ್ಲ, ನಿಜ. ಆದರೆ 2021ರಲ್ಲಿ ಮುಂಬೈಯಿಂದ ಲಿವರ್ ಹಾಳಾದ ಪ್ರಕರಣಗಳ ವರದಿ ಬಂತು. ಮುಂದಿನ ವರ್ಷ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ, ಟೈನೋಸ್ಪೋರಾ ಕ್ರಿಸ್ಪಾ, ಇರಬಹುದು ಅಂದಿತು. ಮತ್ತೆ ಗುರುತಿನ ಪ್ರಶ್ನೆಯೇ ನೋಡಿ.

ಸೋಮವಾರಪೇಟೆ_ಸೀಮೆ
ಹಿರಿಯರು ತಿಂದು ಬದುಕಿದ್ದಾರೆ ಅನ್ನುವ ವಾದ ಒಂದು ಮಟ್ಟಕ್ಕೆ ಸರಿ. ಬೈಂಬಳೆ ತೆಗೆದುಕೊಳ್ಳಿ. ಹಸಿ ಬಿದಿರು ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತು ಇದೆ. ಯಾವ ಲ್ಯಾಬೂ ಇಲ್ಲದೆ ನಮ್ಮವರು ಅದನ್ನು ಹೆಚ್ಚಿ, ನೀರು ಬದಲಿಸಿ ನೆನೆಸಿ, ಬೇಯಿಸಿ ತಿನ್ನುವುದು ಕಂಡುಕೊಂಡರು. ತಿಂದ ಗಂಟೆಯಲ್ಲಿ ತಲೆ ತಿರುಗಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ವರ್ಷಗಟ್ಟಲೆ ಕುಡಿದ ಮೇಲೆ ಲಿವರ್ ಹಾಳಾದರೆ, ಕಾರಣ ಆ ಕಷಾಯ ಅಂತ ಯಾವ ಅಜ್ಜಿಗೂ ಗೊತ್ತಾಗುವ ದಾರಿ ಇರಲಿಲ್ಲ. ನಿಧಾನದ ವಿಷಕ್ಕೂ ನಿಧಾನದ ಗುಣಕ್ಕೂ ಲೆಕ್ಕ ಇಡುವವರು ಬೇಕು.

ವರ್ಷಕ್ಕೆ ಒಂದು ದಿನ ಪಾಯಸ ತಿನ್ನುವುದಕ್ಕೂ, ಅದನ್ನೇ ಪುಡಿ ಮಾಡಿ ದಿನಾ ಕ್ಯಾಪ್ಸೂಲ್‌ನಲ್ಲಿ ನುಂಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಒಂದು ದಿನದ್ದನ್ನು ಹಿರಿಯರು ನೋಡಿದ್ದಾರೆ. ದಿನಾ ನುಂಗುವುದನ್ನು ಯಾರೂ ನೋಡಿಲ್ಲ.

ತೋಟದಮನೆ
ಕಾಚಂಪುಳಿಗೂ (ನಮ್ಮ ಹಣ್ಣಿನ ಹುಳಿರಸ) ಅದೇ ಆಯಿತಲ್ಲ. ಪಂದಿಕರಿಗೆ (ಹಂದಿ ಸಾರಿಗೆ) ಕೆಲವು ಹನಿ ಹಾಕುತ್ತಿದ್ದೆವು. ಈಗ ತೂಕ ಇಳಿಸುವ ಮಾತ್ರೆ ಅಂತೆ.

ಸಸ್ಯಮಿತ್ರ
ಹೌದು, ಗಾರ್ಸೀನಿಯಾ ಗಮ್ಮಿಗಟ್ಟ. ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಇಲಿಗಳಲ್ಲಿ ಕೊಬ್ಬು ಕಡಿಮೆ ಮಾಡಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ಮಾಡಿದರು, ಜಾಮಾ ಪತ್ರಿಕೆಯಲ್ಲಿ ಬಂತು. ಸುಳ್ಳು ಮಾತ್ರೆ ತಿಂದವರಿಗಿಂತ ತೂಕ ಜಾಸ್ತಿ ಇಳಿಯಲಿಲ್ಲ. ಅಂಗಡಿಯಲ್ಲಿ ಮಾತ್ರೆ ಇನ್ನೂ ಇದೆ.

ತೋಟದಮನೆ
ಪಂದಿಕರಿ ತಿಂದು ತೂಕ ಇಳಿಸುವ ಆಸೆಯೂ ಹೋಯಿತು.

ಬೆಂಗಳೂರು_ಕೊಡಗು
ಬರೀ ಫೇಲಾದ ಕತೆಯನ್ನೇ ಹೇಳಿದರೆ ಹೇಗೆ? ಪಾಸಾದದ್ದೂ ಇದೆಯಲ್ವಾ?

ಸಸ್ಯಮಿತ್ರ
ಬೇಕಾದಷ್ಟು. ಮದ್ದು ಸೊಪ್ಪಿನ ದಾಯಾದಿಯೇ ಆಡುಸೋಗೆ, ಅದೂ ಜಸ್ಟೀಸಿಯಾ ಕುಲದ್ದು. ಅದರ ವ್ಯಾಸಿಸಿನ್ ಅನ್ನುವ ವಸ್ತುವನ್ನು ಆಧಾರವಾಗಿ ಇಟ್ಟುಕೊಂಡು ಬ್ರೋಮ್‌ಹೆಕ್ಸಿನ್ ಮಾಡಿದರು, ಅದರಿಂದ ಆಂಬ್ರಾಕ್ಸಾಲ್ ಬಂತು. ನೀವು ಕುಡಿಯುವ ಕಫದ ಸಿರಪ್‌ನ ಬಾಟಲಿ ತಿರುಗಿಸಿ ನೋಡಿ. ಆದರೆ ಒಂದೇ ಕುಲ ಅಂತ ಮದ್ದು ಸೊಪ್ಪಿನಲ್ಲೂ ಅದೇ ಇರುತ್ತದೆ ಅಂತ ಹೇಳಲು ಆಗುವುದಿಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು.

ಸರ್ಪಗಂಧ ಇನ್ನೊಂದು. 1949ರಲ್ಲಿ ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ತಮ್ಮ ಬಿಪಿ ರೋಗಿಗಳಿಗೆ ಅದನ್ನು ಕೊಟ್ಟ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. 1952ರಲ್ಲಿ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಹುಚ್ಚಿಗೂ ಹಾವಿನ ಕಡಿತಕ್ಕೂ ಹಳ್ಳಿಯಲ್ಲಿ ಕೊಡುತ್ತಿದ್ದ ಬೇರು ಜಗತ್ತಿನ ಮೊದಲ ಬಿಪಿ ಮಾತ್ರೆಗಳಲ್ಲಿ ಒಂದಾಯಿತು. ಆಮೇಲೆ ಮನಸ್ಸು ಕುಗ್ಗುತ್ತದೆ ಅನ್ನುವ ದೂರು ಬಂದು ಬಳಕೆ ಕಡಿಮೆಯಾಯಿತು. ಏಕನಾಯಕದ ಬೇರೂ ಇದೆ, ಸಕ್ಕರೆ ಕಾಯಿಲೆಗೆ ಕೊಡುತ್ತಾರಲ್ಲ. ಅದೇ ಕುಲದ ಶ್ರೀಲಂಕಾದ ಗಿಡದಿಂದ ಜಪಾನಿನವರು 1997ರಲ್ಲಿ ಸಲಾಸಿನಾಲ್ ತೆಗೆದರು. ಹಿಟ್ಟು ಸಕ್ಕರೆಯಾಗುವ ಕೆಲಸವನ್ನು ಅದು ಕರುಳಿನಲ್ಲೇ ತಡೆಯುತ್ತದೆ.

ಕಾನೂರು_ಹಾಡಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ. ಬೇರು ತೆಗೆದವರಿಗೆ ಹೆಸರು, ಮಾತ್ರೆ ಮಾಡಿದವರಿಗೆ ಹಣ. ಬೇರು ತೋರಿಸಿದವರಿಗೆ ಏನು?

ನಮ್ಮ ಹಾಡಿಗೆ ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ತಂಡ ಬಂದಿತ್ತು. ನಮ್ಮ ದೊಡ್ಡಪ್ಪನ ಜೊತೆ ಕಾಡೆಲ್ಲಾ ತಿರುಗಿದರು. ಹಾವಿಗೆ ಯಾವುದು, ಮುರಿದ ಮೂಳೆಗೆ ಯಾವುದು, ಹೆತ್ತವರಿಗೆ ಯಾವುದು, ಎಲ್ಲಾ ಬರೆದುಕೊಂಡರು, ಫೋಟೋ ತೆಗೆದರು. ಒಂದು ಪಂಚೆ, ಸ್ವಲ್ಪ ಅಕ್ಕಿ ಕೊಟ್ಟರು. ಮತ್ತೆ ಬರಲಿಲ್ಲ. ಬರೆದದ್ದರ ಒಂದು ಪ್ರತಿ ಕೂಡಾ ಬರಲಿಲ್ಲ. ದೊಡ್ಡಪ್ಪ ತೀರಿಕೊಂಡರು. ಈಗ ಅವರ ಮೊಮ್ಮಕ್ಕಳಿಗೆ ಆ ಗಿಡಗಳು ಗೊತ್ತಿಲ್ಲ, ಯಾವುದೋ ಪುಸ್ತಕಕ್ಕೆ ಗೊತ್ತು.

ಮಳೆಮಾಪಕ
ಇದಕ್ಕೆ ಕೇರಳದ ಕಾಣಿ ಜನರ ಉದಾಹರಣೆ ಇದೆ. 1987ರಲ್ಲಿ ಅಗಸ್ತ್ಯಮಲೆ ಕಾಡಿನಲ್ಲಿ ವಿಜ್ಞಾನಿಗಳು ದಣಿದಾಗ, ಜೊತೆಗಿದ್ದ ಕಾಣಿಗಳು ಒಂದು ಗಿಡದ ಹಣ್ಣು ತಿಂದು ಆರಾಮಾಗಿ ನಡೆಯುತ್ತಿದ್ದರು. ಅದು ಆರೋಗ್ಯಪಚ್ಚ. ಅಲ್ಲಿನ ಸಸ್ಯೋದ್ಯಾನ ಸಂಸ್ಥೆ ಅದರಿಂದ ಜೀವನಿ ಅನ್ನುವ ಔಷಧಿ ಮಾಡಿತು. 1995ರಲ್ಲಿ ತಯಾರಿಸುವ ಹಕ್ಕನ್ನು ಒಂದು ಕಂಪನಿಗೆ 10 ಲಕ್ಷ ರೂಪಾಯಿಗೆ ಕೊಟ್ಟರು. ಆ ಹಣದಲ್ಲೂ ರಾಯಧನದಲ್ಲೂ ಅರ್ಧ ಕಾಣಿಗಳ ಟ್ರಸ್ಟ್‌ಗೆ. 2002ರ ಜೀವವೈವಿಧ್ಯ ಕಾಯಿದೆಗೂ ಮೊದಲೇ ಆದ ಕೆಲಸ.

ಕಾನೂರು_ಹಾಡಿ
ಗೊತ್ತು. ಆ ಗಿಡ ಕಾಡಿನದ್ದು, ಬೆಳೆಯಲು, ತರಲು ಅರಣ್ಯ ಇಲಾಖೆಯ ಜೊತೆ ತಕರಾರು ಆಯಿತು ಅನ್ನುವುದೂ ಗೊತ್ತು. ಕಾಯಿದೆ ಬಂತು ಸರಿ, 2023ರ ತಿದ್ದುಪಡಿಯಲ್ಲಿ ಆಯುಷ್ ವೈದ್ಯರಿಗೆ, ಗ್ರಂಥದಲ್ಲಿರುವ ಜ್ಞಾನ ಬಳಸುವವರಿಗೆ ಲಾಭ ಹಂಚುವುದರಿಂದ ವಿನಾಯಿತಿ ಕೊಟ್ಟರಲ್ಲ. ನಮ್ಮದು ಗ್ರಂಥದಲ್ಲಿ ಇಲ್ಲ, ಬಾಯಲ್ಲಿ ಇದೆ. ಬಾಯಲ್ಲಿರುವುದನ್ನು ಯಾರಾದರೂ ಗ್ರಂಥಕ್ಕೆ ಸೇರಿಸಿಬಿಟ್ಟರೆ?

ಕರಿಮೆಣಸು
ಮದ್ದು ಸೊಪ್ಪಿನ ವಿಷಯದಲ್ಲಿ ಯಾರಿಗೆ ಕೊಡುವುದು? ಕೊಡವರು, ಅರೆಭಾಷೆಯವರು, ಯರವರು, ಕುಡಿಯರು, ಎಲ್ಲರೂ ತಿನ್ನುತ್ತಾರೆ.

ಕಾನೂರು_ಹಾಡಿ
ಹಣದ ಮಾತು ಆಮೇಲೆ. ಮೊದಲು ಬರೆದದ್ದನ್ನು ತಂದು ತೋರಿಸಿ ಅನ್ನುತ್ತಿದ್ದೇನೆ. ಅದಕ್ಕೆ ಯಾವ ಕಾಯಿದೆಯೂ ಬೇಡ.

ವಿರಾಜಪೇಟೆ_ಹುಡುಗಿ
@ಕಾನೂರು_ಹಾಡಿ ನನ್ನ ಪ್ರಾಜೆಕ್ಟ್‌ನಲ್ಲಿ ಮನೆಮನೆಯ ವಿಧಾನ ಕೇಳುವ ಭಾಗ ಇದೆ. ಹೇಳಿದವರ ಒಪ್ಪಿಗೆ ಕೇಳಿ, ಬೇಕು ಅಂದವರ ಹೆಸರು ಹಾಕುತ್ತೇನೆ. ಮುಗಿದ ಮೇಲೆ ಕನ್ನಡದಲ್ಲಿ ಬರೆದು ಪ್ರತಿ ಮನೆಗೂ ಕೊಡುತ್ತೇನೆ. ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೂ ಒಂದು ಪ್ರತಿ. ಸರಿಯಾ?

ಕಾನೂರು_ಹಾಡಿ
ಸರಿ. ಕನ್ನಡ ಓದಲು ಬಾರದವರೂ ಇದ್ದಾರೆ. ಕೂತು ಓದಿ ಹೇಳು.

ಪೊನ್ನಂಪೇಟೆ_ಹುಡುಗ
ದೇವರಕಾಡುಗಳಲ್ಲೂ ಮದ್ದು ಸೊಪ್ಪು ನೋಡಿದ್ದೇನೆ. ಜಿಲ್ಲೆಯಲ್ಲಿ 1,200ಕ್ಕೂ ಜಾಸ್ತಿ ದೇವರಕಾಡು ಇವೆ. ತೋಟದ ಗಿಡಕ್ಕೂ ಅಲ್ಲಿಯ ಗಿಡಕ್ಕೂ ವ್ಯತ್ಯಾಸ ನೋಡಬಹುದಲ್ವಾ? ತೋಟದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ ಆಗಿರುತ್ತದೆ, ಮಳೆಗಾಲದಲ್ಲಿ ಮೆಣಸಿಗೆ ಹೊಡೆದದ್ದು ಕೆಳಗಿನ ಸೊಪ್ಪಿಗೂ ಬೀಳುತ್ತದೆ. ತಾಮ್ರ ಬಂದರೆ ಪರೀಕ್ಷೆಯೇ ಹಾಳು.

ಸಸ್ಯಮಿತ್ರ
ಒಳ್ಳೆ ಮಾತು, ತಾಮ್ರದ ವಿಷಯ ನಾನೂ ಹೇಳಬೇಕಿತ್ತು. ಆದರೆ ದೇವರಕಾಡಿನಿಂದ ಕೊಯ್ಯುವುದಕ್ಕೆ ಊರಿನವರ ಒಪ್ಪಿಗೆಯೂ ಬೇಕು, ಇಲಾಖೆಯ ಅನುಮತಿಯೂ ಬೇಕು. ಎಂ.ಎಸ್ಸಿ.ಗೆ ಅಷ್ಟು ಹೊತ್ತು ಇಲ್ಲ. ಸಿಂಪಡಣೆ ಇಲ್ಲದ ಹಿತ್ತಿಲು ಸಾಕು.

ತೋಟದಮನೆ
ನಮ್ಮ ಹಿತ್ತಿಲು ಇದೆ. ಕಳೆದ ತಿಂಗಳು ಆನೆ ಬಂದು ಬಾಳೆ ಎಲ್ಲಾ ತಿಂದು ಹೋಯಿತು, ಮದ್ದು ಸೊಪ್ಪು ಮಾತ್ರ ಮುಟ್ಟಲಿಲ್ಲ. ಇದಕ್ಕೆ ಏನಾದರೂ ವೈಜ್ಞಾನಿಕ ಕಾರಣ?

ಕರಿಮೆಣಸು
ಕಕ್ಕಡ 18 ಆಗಿರಲಿಲ್ಲ.

ಮೂತ್ರದ_ಪ್ರಶ್ನೆ
ಹೊಸ ಖಾತೆ, ಹೆಸರಿಗೆ ನಗಬೇಡಿ. ನನಗೆ ಸಕ್ಕರೆ ಕಾಯಿಲೆ, ಮಾತ್ರೆ ತಿನ್ನುತ್ತೇನೆ. ಪಾಯಸ ತಿನ್ನಬಹುದಾ?

ಫಾರ್ಮಸಿ_ಅಕ್ಕ
ಸೊಪ್ಪಿಗಿಂತ ಮೊದಲು ಬೆಲ್ಲ, ಅಕ್ಕಿ, ಜೇನು ನೋಡಿ. ನಿಮ್ಮ ಡಾಕ್ಟರ್‌ಗೆ ಕೇಳಿ, ಇಲ್ಲಿ ಯಾರೂ ಹೌದು ಇಲ್ಲ ಅಂತ ಹೇಳಬೇಡಿ. ಇನ್ನೊಂದು, ಪಾಯಸ ತಿಂದು ಒಂದೆರಡು ದಿನ ಆದ ಮೇಲೂ ಮೂತ್ರ ಕೆಂಪಗಿದ್ದರೆ ಅದು ರಕ್ತ ಇರಬಹುದು. ಸೊಪ್ಪಿನದ್ದು ಅಂತ ಸುಮ್ಮನೆ ಕೂರಬೇಡಿ.

ಹುಡುಗಿ, ನೀನು ಮೂತ್ರ ಅಳೆಯುವ ಯೋಚನೆ ಮಾಡಿದ್ದರೆ ಈಗ ಬೇಡ. ಮನುಷ್ಯರಿಂದ ಮಾದರಿ ತೆಗೆಯಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದು ಪಿಎಚ್‌ಡಿಗೆ ಇಟ್ಟುಕೋ. ಒಳ್ಳೆ ವಿಷಯ.

ವಿರಾಜಪೇಟೆ_ಹುಡುಗಿ
ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ: ಒಂದೇ ತಾಯಿಗಿಡದ ಕಡ್ಡಿ, ಭಾಗಮಂಡಲ ಮತ್ತು ಕುಶಾಲನಗರ. ವಾರಕ್ಕೊಮ್ಮೆ ಕೊಯ್ಲು, ಕಕ್ಕಡ 18ರ ಹಿಂದೆಮುಂದೆ ದಿನಾ. ಮನೆಯ ವಿಧಾನದಲ್ಲೇ ಕುದಿಸಿದ ನೀರು. ಬಣ್ಣದ ತೀವ್ರತೆ, ಒಟ್ಟು ಫಿನಾಲ್, ಆಮೇಲೆ ಎಚ್‌ಪಿಟಿಎಲ್‌ಸಿ (ರಸದಲ್ಲಿರುವ ವಸ್ತುಗಳನ್ನು ಗೆರೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಪಟ್ಟಿಯಲ್ಲಿ ಎಷ್ಟು ಗೆರೆ ಬರುತ್ತದೆ ಅಂತ. 18 ಗೆರೆ ಬಂದರೆ ಅಜ್ಜಿ ನನ್ನನ್ನು ಬಿಡುವುದಿಲ್ಲ.

ಸಸ್ಯಮಿತ್ರ
ದ್ರಾವಕ ಬದಲಿಸಿದರೆ 18 ಅಲ್ಲ, 8 ಬರುತ್ತದೆ, 25 ಕೂಡಾ ಬರುತ್ತದೆ. ಗೆರೆಯ ಎಣಿಕೆಗೆ ಅಜ್ಜಿಯ ಹತ್ತಿರ ಪಂದ್ಯ ಕಟ್ಟಬೇಡ. ಯಾವ ಗೆರೆ ಯಾವ ವಾರ ದಪ್ಪವಾಯಿತು ಅಂತ ನೋಡು.

ಭಾಗಮಂಡಲ_ಬಸ್ಸು
ಕಡ್ಡಿ ನಾನು ಕೊಡುತ್ತೇನೆ. ಆದರೆ ಎಲೆ ಒಣಗಿಸುವುದು ಎಲ್ಲಿ? ಜುಲೈಯಲ್ಲಿ ನಮ್ಮ ಮನೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿದ್ದೇವೆ.

ತೋಟದಮನೆ
ನಮ್ಮ ಏಲಕ್ಕಿ ಡ್ರೈಯರ್ ಖಾಲಿ ಇದೆ.

ಸಸ್ಯಮಿತ್ರ
ಬೇಡ, ಏಲಕ್ಕಿ ಡ್ರೈಯರ್ ಶಾಖ ಜಾಸ್ತಿ, ವಾಸನೆಯೂ ಹಿಡಿಯುತ್ತದೆ. 40 ಡಿಗ್ರಿ ದಾಟಬಾರದು. ಕೊಯ್ದ ತಕ್ಷಣ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚು. ಹರಳು ಬಣ್ಣ ಬದಲಿಸಿದರೆ ತೆಗೆದು ಬೇರೆ ಹಾಕು.

ಭಾಗಮಂಡಲ_ಬಸ್ಸು
ಹಪ್ಪಳದ ಡಬ್ಬಿ ಆಗುತ್ತದಾ?

ಸಸ್ಯಮಿತ್ರ
ಹಪ್ಪಳ ಖಾಲಿ ಮಾಡಿ, ಚೆನ್ನಾಗಿ ತೊಳೆದು ಒಣಗಿಸಿದರೆ ಆಗುತ್ತದೆ.

ಹಳೇತೋಟ
ಹಪ್ಪಳ ನನಗೆ ಕಳಿಸಿ.